ಯಾರೂ ಮುಟ್ಟದ ಕೇಬಲ್

ನಿಮ್ಮ ಕೇಬಲನ್ನು ಸುಟ್ಟವಳು ನಾನು, ಮುನಿರಾಜು ಅವರೇ. ಸುಟ್ಟದ್ದು ಕೈತಪ್ಪಿನಿಂದ. ಆಮೇಲೆ ಹೇಳಿದ ಸುಳ್ಳು ಕೈತಪ್ಪಲ್ಲ — ಅದನ್ನು ಬೇಕೆಂದೇ ಹೇಳಿದೆ, ನಿಮ್ಮ ಮುಖ ನೋಡಿಕೊಂಡೇ ಹೇಳಿದೆ, ಹೇಳಿ ಖುಷಿಯನ್ನೂ ಪಟ್ಟೆ.

ಇದನ್ನು ಓದುತ್ತಾ, ಈ ಗಿರಿಜಾಗೆ ಈಗ ನಿಮ್ಮ ಮೇಲೆ ಗೌರವ ಬಂದಿದೆ ಎಂದುಕೊಳ್ಳಬೇಡಿ. ಬಂದಿಲ್ಲ. ನಿಮ್ಮ ಹೆಸರು ಕೇಳಿದರೆ ಈಗಲೂ ನನ್ನ ಹಲ್ಲು ತಾನಾಗಿ ಕಚ್ಚಿಕೊಳ್ಳುತ್ತದೆ. ನಿಮ್ಮ ಕ್ಷಮೆ ಕೇಳಲು ಬರೆಯುತ್ತಿಲ್ಲ. ನೀವು ಕ್ಷಮಿಸಿದರೆ ಅದನ್ನು ಎಲ್ಲಿಡಬೇಕೆಂದೂ ನನಗೆ ತಿಳಿಯದು. ಆದರೆ ಒಂದು ಪ್ರಶ್ನೆಗೆ ನಾನು ತಪ್ಪು ಉತ್ತರ ಕೊಟ್ಟಿದ್ದೇನೆ, ಆ ಉತ್ತರವನ್ನು ನಂಬಿ ನೀವು ನಿಮ್ಮ ಕೆಲಸವನ್ನೇ ಬಿಟ್ಟಿರಿ. ಅದನ್ನು ತಿದ್ದಬೇಕು. ಬೇರೆಯವರೂ ಓದಲಿ ಎಂದು ಬರೆಯುತ್ತಿರುವುದರಿಂದ ನಿಮಗೆ ಗೊತ್ತಿರುವುದನ್ನೂ ಹೇಳಬೇಕಾಗುತ್ತದೆ. ಸಹಿಸಿಕೊಳ್ಳಿ — ಸಹನೆ ನಿಮ್ಮ ಗುಣವಲ್ಲ ಎಂಬುದು ಗೊತ್ತಿದ್ದೂ ಹೇಳುತ್ತಿದ್ದೇನೆ.

ನಾವಿಬ್ಬರೂ ಬೆಳಕಿನಲ್ಲಿ ಮಾತು ಕಳಿಸುವ ಕೆಲಸದವರು. ವೈಟ್‌ಫೀಲ್ಡ್‌ನ ಆ ಟೆಕ್ ಪಾರ್ಕಿನ ಹಿಂಬದಿಯಲ್ಲಿ, ಕಿಟಕಿಯೇ ಇಲ್ಲದ ಒಂದು ಲ್ಯಾಬ್. ಕೂದಲಿನಷ್ಟು ತೆಳುವಾದ ಗಾಜಿನ ಎಳೆಯೊಳಗೆ ಹರಿದು ಬರುವ ಬೆಳಕನ್ನು ಉಗುರಗಲದ ಒಂದು ಸಿಲಿಕಾನ್ ಚಿಪ್ಪಿನೊಳಗೆ ಇಳಿಸಬೇಕು, ಇಳಿಸುವಾಗ ಆದಷ್ಟು ಕಡಿಮೆ ಸೋರಬೇಕು. ಅದಕ್ಕೆ ನಿಮ್ಮದೊಂದು ವಿನ್ಯಾಸ, ನನ್ನದೊಂದು ವಿನ್ಯಾಸ. ಕಂಪನಿ ಎರಡರಲ್ಲಿ ಒಂದನ್ನು ಮಾತ್ರ ಮುಂದಕ್ಕೆ ಒಯ್ಯುತ್ತದೆ ಎಂದು ನಮ್ಮ ಮುಖ್ಯಸ್ಥ ಶ್ರೀಧರ್ ಮೊದಲೇ ಹೇಳಿದ್ದರು. ಒಂದೇ ಕೋಣೆಯಲ್ಲಿ, ಒಂದೇ ಮೇಜಿನ ಆಚೆ ಈಚೆ ನಮ್ಮನ್ನು ಕೂರಿಸಿ ಈ ಮಾತು ಹೇಳಿದ ಆ ಪುಣ್ಯಾತ್ಮನಿಗೂ ಇದರಲ್ಲಿ ಪಾಲಿದೆ ಎನ್ನಬಹುದು — ಬೇಡ, ಎನ್ನುವುದಿಲ್ಲ. ಶ್ರೀಧರ್ ಸುಳ್ಳು ಹೇಳಲಿಲ್ಲ. ನಾನು ಹೇಳಿದೆ.

ನಿಮ್ಮನ್ನು ದ್ವೇಷಿಸಲು ನನಗೆ ಕಾರಣಗಳು ಬೇಕಾದಷ್ಟಿದ್ದವು. ನಾನು ಜೋಡಿಸಿದ ಪ್ರತಿಯೊಂದು ಕನೆಕ್ಟರನ್ನೂ ನೀವು ಬಿಚ್ಚಿ, ಒರೆಸಿ, ಮತ್ತೆ ಜೋಡಿಸುತ್ತಿದ್ದಿರಿ — ನಾನು ಅಲ್ಲೇ ನಿಂತಿರುವಾಗ. ಹೊಸದಾಗಿ ಸೇರಿದವರ ಎದುರು ಒಮ್ಮೆ ಕೇಳಿದಿರಿ, "ಇದನ್ನ ಯಾತ್ರಲ್ಲಿ ಒರೆಸಿದ್ರಿ ಮೇಡಂ, ಸೆರಗಲ್ಲಾ?" ನಾನು ಸೀರೆ ಉಟ್ಟಿರಲಿಲ್ಲ. ಎಲ್ಲರೂ ನಕ್ಕರು. ನಿಮ್ಮ 'ಮೇಡಂ' ಎಂಬ ಆ ಒಂದು ಮಾತಿನಲ್ಲಿ ಎಷ್ಟು ಖಾರ ಹಿಡಿಯುತ್ತಿತ್ತು ಎಂದರೆ, ಹೊರಗೆ ಆಟೋದವನು ಮೇಡಂ ಎಂದರೂ ನನಗೆ ಮೈ ಉರಿಯುತ್ತಿತ್ತು. ಲ್ಯಾಬಿನ ಗೋಡೆಗೆ ನೀವೇ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದಿರಿ: ನೋಡು, ಒರೆಸು, ಮತ್ತೆ ನೋಡು, ಆಮೇಲೆ ಜೋಡಿಸು. ಪಿಎಚ್‌ಡಿ ಮಾಡಿದವರಿಗೆ ಒಂದನೇ ಕ್ಲಾಸಿನ ಪಾಠ.

ನನ್ನ ಕಡೆಯದನ್ನೂ ಹೇಳಬೇಕು. ನೀವು ಕಾಡುಗೋಡಿ ಪಕ್ಕದ ಹಳ್ಳಿಯವರು. ನಮ್ಮ ಪಕ್ಕದ ಬ್ಲಾಕ್ ನಿಂತಿರುವ ಜಾಗ ತೋರಿಸಿ, "ಇಲ್ಲಿ ನಮ್ ತಾತ ರಾಗಿ ಬೆಳೀತಿದ್ದ" ಎನ್ನುತ್ತಿದ್ದಿರಿ. ನಿಮ್ಮ ಮನೆಯವರು ಪಿಜಿ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು; ನಿಮಗೆ ಸಂಬಳದ ಹಂಗು ಇರಲಿಲ್ಲ. ನಾನು ದಾವಣಗೆರೆಯಿಂದ ಬಂದವಳು, ಫ್ಲ್ಯಾಟಿನ ಕಂತು ಕಟ್ಟುವವಳು, ಮಾತು ಶುದ್ಧವಾಗಿರಬೇಕು ಎಂದು ಅಪ್ಪನಿಂದ ಗದರಿಸಿಕೊಂಡು ಬೆಳೆದವಳು. ಕೋಪ ಬಂದಾಗ ನಿಮ್ಮ ಬಾಯಲ್ಲಿ 'ಹಂಗೆ' ಹೋಗಿ 'ಅಂಗೆ' ಬರುತ್ತಿತ್ತು. ಊಟದ ಹೊತ್ತಿನಲ್ಲಿ ನಾನು ಅದನ್ನು ಆಡಿ ತೋರಿಸುತ್ತಿದ್ದೆ. "ಲೇಸರು ಅಂಗೆ ಓಯ್ತದೆ, ಇಂಗೆ ಬತ್ತದೆ" — ಚೆನ್ನಾಗಿಯೇ ಆಡುತ್ತಿದ್ದೆ. "ನೆಲ ಮಾರಿ ಕೂತವರಿಗೆ ಲೇಸರ್ ಯಾಕೆ ಬೇಕಿತ್ತು?" ಎಂದೂ ಒಮ್ಮೆ ಅಂದೆ. ತಲೆಯೆತ್ತಿದರೆ ಬಾಗಿಲಲ್ಲಿ ನೀವು, ಕೈಯಲ್ಲಿ ಸ್ಟೀಲ್ ಡಬ್ಬಿ. ತಿರುಗಿ ಹೊರಟುಹೋದಿರಿ. ಅಂದಿನಿಂದ ನೀವು ನಮ್ಮ ಜೊತೆ ಊಟಕ್ಕೆ ಕೂರಲಿಲ್ಲ. ನನಗೆ ಅದರಿಂದ ನಾಚಿಕೆಯಾಯಿತೇ? ಇಲ್ಲ. ಜಾಗ ಖಾಲಿಯಾಯಿತು ಎಂದುಕೊಂಡೆ.

ಇನ್ನು ಆ ಕೇಬಲ್. ಪ್ರತಿ ಲ್ಯಾಬಿನಲ್ಲೂ ಅಂಥದೊಂದು ಇರುತ್ತದೆ — ಹಳದಿ ಬಣ್ಣದ, ಎರಡು ಮಾರುದ್ದದ ಸಾಧಾರಣ ಕೇಬಲ್. ಬೇರೆ ಎಲ್ಲವನ್ನೂ ಅದರ ಲೆಕ್ಕದಲ್ಲಿ ಅಳೆಯುತ್ತೇವೆ. ಮೊದಲು ಅದರಿಂದ ನೇರವಾಗಿ ಮೀಟರಿಗೆ ಬೆಳಕು ಹರಿಸಿ, ಇಷ್ಟು ಬಂತು ಎಂದು ಗುರುತು ಹಾಕಿಕೊಳ್ಳುವುದು. ಆಮೇಲೆ ಅದೇ ಕೇಬಲನ್ನು ಚಿಪ್ಪಿಗೆ ಜೋಡಿಸಿ, ಎಷ್ಟು ಸೋರಿತು ಎಂದು ನೋಡುವುದು. ಆದ್ದರಿಂದ ಆ ಕೇಬಲಿನ ತುದಿ ಶುದ್ಧವಾಗಿರಬೇಕು. ನೀವು ನಿಮ್ಮದನ್ನು ಮೇಜಿನ ಪಕ್ಕದ ಕೊಕ್ಕೆಗೆ ಸುರುಳಿ ಸುತ್ತಿ ನೇತುಹಾಕುತ್ತಿದ್ದಿರಿ. ಅದನ್ನು ಯಾರೂ ಮುಟ್ಟುವಂತಿರಲಿಲ್ಲ, ಯಾರೂ ಮುಟ್ಟುತ್ತಲೂ ಇರಲಿಲ್ಲ. ದೇವರ ಕೋಣೆಯ ಮಡಿ ನಮ್ಮ ಮನೆಯಲ್ಲೂ ಅಷ್ಟಿರಲಿಲ್ಲ.

ಆ ವರ್ಷದ ಆಯುಧಪೂಜೆಗೆ ನಾವು ಜಗಳವಾಡಿದ್ದು ನಿಮಗೆ ನೆನಪಿರಬೇಕು. ಪೀಣ್ಯದ ಸಣ್ಣ ವರ್ಕ್‌ಶಾಪಿನಿಂದ ಹಿಡಿದು ನಮ್ಮ ಪಾರ್ಕಿನ ಸೆಕ್ಯುರಿಟಿ ಗೇಟಿನವರೆಗೆ ಎಲ್ಲ ಕಡೆ ಪೂಜೆ ನಡೆಯುತ್ತದೆ. ನಮ್ಮ ಉಪಕರಣಗಳಿಗೆ ಮಾತ್ರ ಯಾಕಿಲ್ಲ ಎಂದು ನಾನು ಕೇಳಿದೆ. ನೀವು ಬಾಗಿಲಿಗೆ ಅಡ್ಡ ನಿಂತಿರಿ. "ಅರಿಶಿನ ಕುಂಕುಮ ಒಳಿಕ್ ಬರಾಂಗಿಲ್ಲ. ಪೂಜೆ ಬೇಕಾದ್ರೆ ಕಾರಿಡಾರಲ್ಲಿ ಮಾಡ್ಕೊಳ್ಳಿ." ಕೊನೆಗೆ ಕೆಟ್ಟುಹೋದ ಒಂದು ಹಳೆಯ ಮೀಟರನ್ನು ಸ್ಟೂಲಿನ ಮೇಲಿಟ್ಟು, ಎಲ್ಲ ಉಪಕರಣಗಳ ಪರವಾಗಿ ಅದಕ್ಕೇ ಹೂವು ಕುಂಕುಮ ಏರಿಸಿದೆವು. ಸತ್ತ ಮೀಟರಿಗೆ ಪೂಜೆ. ಬೂದುಗುಂಬಳಕಾಯಿಯನ್ನು ನೀವೇ ಒಡೆದಿರಿ, ಬೇಕಾದಷ್ಟು ಭಕ್ತಿಯಿಂದಲೇ. ನಿಮ್ಮ ನಿಯಮ ಸರಿಯಾದದ್ದು ಎಂದು ನನಗೆ ಆಗಲೂ ಗೊತ್ತಿತ್ತು — ಆ ಪುಡಿಯ ಒಂದು ಕಣ ಸಾಕು ಬೆಳಕಿಗೆ ಅಡ್ಡ ಬರಲು. ಸರಿಯಾದ ಮಾತನ್ನು ನೀವು ಹೇಳಿದಿರಿ ಎಂಬುದೇ ನನಗೆ ತಡೆಯಲಾಗದ ಸಂಗತಿಯಾಗಿತ್ತು.

ಪೂಜೆ ಮುಗಿದು ಎಲ್ಲರೂ ಪುರಿ, ಸಿಹಿಬೂಂದಿ ಕಟ್ಟಿಸಿಕೊಂಡು ಹೊರಟರು. ನನಗೆ ಒಂದು ಅಳತೆ ಬಾಕಿ ಇತ್ತು. ರಜೆ ಮುಗಿದ ಕೂಡಲೇ ಹೊರದೇಶದ ಗ್ರಾಹಕರು ಬರುವವರಿದ್ದರು. ಒಳಗೆ ಹೋದೆ. ನನ್ನ ಕೇಬಲ್ ತುದಿ ಸವೆದು ಪಾಲಿಶ್‌ಗೆ ಹೋಗಿತ್ತು. ನಿಮ್ಮದು ಕೊಕ್ಕೆಯಲ್ಲಿ ತೂಗುತ್ತಿತ್ತು. ಕೈ ತೊಳೆದಿರಲಿಲ್ಲ — ಬೆರಳ ತುದಿಯಲ್ಲಿ ಕುಂಕುಮ ಹಾಗೇ ಇತ್ತು. ಮುಚ್ಚಳ ತೆಗೆದೆ, ನೋಡಲಿಲ್ಲ, ಒರೆಸಲಿಲ್ಲ, ನನ್ನ ಚಿಪ್ಪಿಗೆ ಜೋಡಿಸಿದೆ. ಆಚೆ ಕಡೆ ಬೆಳಕನ್ನು ಹಲವು ಪಟ್ಟು ಹೆಚ್ಚಿಸುವ ಆಂಪ್ಲಿಫೈಯರ್ ಉರಿಯುತ್ತಲೇ ಇತ್ತು. ಅದನ್ನು ಆರಿಸದೆ ಜೋಡಿಸಬಾರದು ಎಂದು ನಾನೇ ಹೊಸಬರಿಗೆ ಹೇಳಿಕೊಡುತ್ತಿದ್ದವಳು. ನಮ್ಮ ಬೆಳಕು ಕಣ್ಣಿಗೆ ಕಾಣುವಂಥದಲ್ಲ. ಕಿಡಿ ಹಾರಲಿಲ್ಲ, ವಾಸನೆ ಬರಲಿಲ್ಲ. ಪರದೆಯ ಮೇಲಿನ ಸಂಖ್ಯೆ ಮಾತ್ರ ಬಿತ್ತು.

ಆಗ ಮೈಕ್ರೋಸ್ಕೋಪಿನಲ್ಲಿಟ್ಟು ನೋಡಿದೆ. ಆ ಪರದೆಯಲ್ಲಿ ಎಲ್ಲವೂ ಬೂದುಬಣ್ಣ, ಕುಂಕುಮವೂ ಕೆಂಪಾಗಿ ಕಾಣುವುದಿಲ್ಲ. ಗಾಜಿನ ನಡುಮಧ್ಯದಲ್ಲಿ, ಬೆಳಕು ಹರಿಯುವ ಜಾಗದಲ್ಲೇ, ಕುಂಕುಮದ ಕಣ ಉರಿದು ಸುಟ್ಟ ಕರಿಯ ಗುಳಿ. ಒರೆಸಿದೆ. ಮತ್ತೆ ಒರೆಸಿದೆ. ಸುಟ್ಟ ಗಾಜು ಒರೆಸಿದರೆ ಹೋಗುತ್ತದೆಯೇ?

ಮುಚ್ಚಳ ಹಾಕಿ, ನೀವು ಸುತ್ತುವ ಹಾಗೆಯೇ ಸುರುಳಿ ಸುತ್ತಿ, ಅದೇ ಕೊಕ್ಕೆಗೆ ಹಾಕಿದೆ. ಆ ಹೊತ್ತಿಗೆ ಅದು ಬರೀ ಭಯ. ನಿಮ್ಮ ಬಾಯಿಗೆ ಹೆದರಿದೆ, ಅಷ್ಟೇ. ಕುಂಕುಮದ ಜಗಳ ಆಡಿದವಳೇ ಕುಂಕುಮದ ಕೈಯಿಂದ ನಿಮ್ಮ ಕೇಬಲ್ ಸುಟ್ಟಳು ಎಂದರೆ ನೀವು ಜನ್ಮವಿಡೀ ಆಡಿಕೊಳ್ಳುತ್ತಿದ್ದಿರಿ. ರಜೆ ಮುಗಿದ ಮೇಲೆ ನೀವೇ ನೋಡುತ್ತೀರಿ, ಕಿರುಚುತ್ತೀರಿ, ಹೊಸದು ತರಿಸುತ್ತೀರಿ ಎಂದುಕೊಂಡೆ.

ನೀವು ನೋಡಲಿಲ್ಲ. ಯಾರೂ ಮುಟ್ಟದ ಕೇಬಲನ್ನು ಯಾಕೆ ನೋಡಬೇಕು? ಮೀಟರಿಗೆ ಜೋಡಿಸಿದಿರಿ, ಬೆಳಕು ಹೆಚ್ಚು ಕಡಿಮೆ ಪೂರಾ ಬಂತು. ಮೀಟರಿನ ಕಣ್ಣು ದೊಡ್ಡದು — ಸುಟ್ಟ ತುದಿಯಿಂದ ಚದುರಿದ ಬೆಳಕನ್ನೂ ಅದು ಬಾಚಿಕೊಳ್ಳುತ್ತದೆ. ಅದೇ ತುದಿ ಚಿಪ್ಪಿಗೆ ಅಂಟಿದ ಇನ್ನೊಂದು ಎಳೆಗೆ ಮುಖ ಕೊಟ್ಟು ನಿಂತಾಗ ಮಾತ್ರ ಬೆಳಕು ಒಳಗೆ ಹೋಗುವುದಿಲ್ಲ. ಹಾಗಾಗಿ ನಿಮ್ಮ ಕೇಬಲ್ ಚೆನ್ನಾಗಿ ಕಂಡಿತು, ನಿಮ್ಮ ಚಿಪ್ಪು ಕೆಟ್ಟದಾಗಿ ಕಂಡಿತು. ಅದೂ ಗ್ರಾಹಕರ ಎದುರು, ನಿಮ್ಮ ಕೈಯಿಂದಲೇ.

ಒಂದು ಚಿಪ್ಪು ತೆಗೆದು ಇನ್ನೊಂದು ಹಾಕಿದಿರಿ. ಅದೂ ಹಾಗೇ. ಇನ್ನೊಂದು. ನಿಮ್ಮ ಕತ್ತಿನ ಹಿಂಭಾಗ ಬೆವರಿತ್ತು. ನಾನು ಎದುರಿಗೆ ಕೈಕಟ್ಟಿ ನಿಂತಿದ್ದೆ. ಏನಾಗಿದೆ ಎಂದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು, ಮತ್ತು ನನಗೆ ಹಬ್ಬದ ಹಾಗಿತ್ತು. ಸೆರಗಿನ ಮಾತು ನೆನಪಾಯಿತು. ಬೆವರಲಿ ಎಂದುಕೊಂಡೆ.

ಶ್ರೀಧರ್ ಕೇಳಿದರು, "ಕೇಬಲ್ ಸರಿ ಇದ್ಯಾ ಮುನಿರಾಜು?"

"ನನ್ ಕೇಬಲ್ ಯಾರೂ ಮುಟ್ಟಾಕಿಲ್ಲ ಸಾರ್," ಎಂದಿರಿ. ಆದರೂ ಅನುಮಾನ ಬಂದಿರಬೇಕು. ಕೇಬಲನ್ನು ಬಿಚ್ಚಿ, ಎಡಗೈಯಲ್ಲಿ ಮೈಕ್ರೋಸ್ಕೋಪನ್ನು ಹತ್ತಿರಕ್ಕೆ ಎಳೆದುಕೊಂಡಿರಿ. ತುದಿಯನ್ನು ಅದರೊಳಗೆ ತೂರಿಸುವ ಮುಂಚೆ ನನ್ನ ಕಡೆ ತಿರುಗಿದಿರಿ. ಆ ಸಲ ನಿಮ್ಮ 'ಮೇಡಂ'ನಲ್ಲಿ ಖಾರ ಇರಲಿಲ್ಲ.

"ಮೇಡಂ, ನೀವೇನಾದ್ರೂ ನನ್ ಕೇಬಲ್ ಮುಟ್ಟಿದ್ರಾ?"

"ಇಲ್ಲ. ನಿಮ್ಮ ಕೇಬಲ್ ನಾನ್ಯಾಕೆ ಮುಟ್ಟಲಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನಾನು ಮುಟ್ಟಿ ನೋಡಿಕೊಳ್ಳುವ ಕಳ್ಳಿಯೂ ಆಗಿರಲಿಲ್ಲ. ನೆಟ್ಟಗೆ ನಿಂತೇ ಇದ್ದೆ.

"ಆದ್ರೂ ಒಂದ್ಸಲ ನೋಡ್ಬಿಡಿ," ಎಂದರು ಶ್ರೀಧರ್.

ನೀವು ಮೈಕ್ರೋಸ್ಕೋಪನ್ನು ಆಚೆ ತಳ್ಳಿದಿರಿ. "ಬ್ಯಾಡ ಬಿಡಿ ಸಾರ್. ಆಯಮ್ಮ ಜಗಳ ಆಡ್ತಾರೆ, ಸುಳ್ಳು ಹೇಳಾಕಿಲ್ಲ."

ಅಷ್ಟೇ ಆದದ್ದು. ಗ್ರಾಹಕರು ಏನು ಮಾತು ಎಂದು ಕೇಳಿದರು, ಶ್ರೀಧರ್ ಏನೋ ಇಂಗ್ಲಿಷಿನಲ್ಲಿ ಹೇಳಿ ನಕ್ಕರು. ಆಮೇಲೆ ನನ್ನ ಚಿಪ್ಪು, ಪಾಲಿಶ್ ಆಗಿ ಬಂದ ನನ್ನ ಕೇಬಲಿನಲ್ಲಿ, ಸಾಧಾರಣವಾದ ಒಂದು ಸಂಖ್ಯೆ ತೋರಿಸಿತು. ಸಾಧಾರಣವೇ ಅಂದು ಗೆದ್ದಿತು. ಸಂಜೆಯೊಳಗೆ ನಿಮ್ಮ ವಿನ್ಯಾಸವನ್ನು ಮುಚ್ಚಿದ್ದಾಯಿತು. ನೀವು ಶ್ರೀಧರ್ ಕೋಣೆಯಲ್ಲಿ ಮೇಜು ಗುದ್ದಿದ್ದು ಕಾರಿಡಾರಿನವರೆಗೆ ಕೇಳಿಸಿತು. ರಾಜೀನಾಮೆ ಬಿಸಾಕಿ ಹೋದವರು ಮರುದಿನದಿಂದ ಬರಲಿಲ್ಲ. ನೋಟಿಸ್ ಅವಧಿಯ ದಿನಗಳನ್ನು ರಜೆಯಲ್ಲೇ ಕಳೆದಿರಿ. ಕೋಪ ಎಂದೂ ನಿಮ್ಮ ಮೂಗಿನ ತುದಿಯಲ್ಲೇ ಇರುತ್ತಿತ್ತು. ನನಗೆ ಅದು ಅನುಕೂಲವಾಯಿತು. ನೀವು ಗೇಟು ದಾಟುವ ಹೊತ್ತಿಗೆ ನಾನು ಆ ಕೇಬಲಿನ ಎರಡೂ ತುದಿ ಕತ್ತರಿಸಿ ಗಾಜಿನ ಚೂರು ಹಾಕುವ ಡಬ್ಬಿಗೆ ಹಾಕಿದ್ದೆ.

ವರ್ಷಗಟ್ಟಲೆ ನಾನು ನನಗೇ ಹೇಳಿಕೊಂಡದ್ದು ಒಂದೇ ಮಾತು: ಗೋಡೆಗೆ ಬರೆದು ಅಂಟಿಸಿದವರು ತಾವೇ ನೋಡಲಿಲ್ಲವಲ್ಲ, ಅನುಭವಿಸಲಿ. ಎಲ್ಲರಿಗೂ ಇರುವ ನಿಯಮ ತನ್ನ ಕೇಬಲಿಗೆ ಇಲ್ಲ ಎಂದುಕೊಂಡ ಸೊಕ್ಕು, ಅದಕ್ಕೆ ತಕ್ಕ ಶಾಸ್ತಿ. ಈ ಮಾತು ನನ್ನನ್ನು ಬಹಳ ದೂರ ನಡೆಸಿತು. ನನ್ನ ವಿನ್ಯಾಸ ತಯಾರಿಗೆ ಹೋಯಿತು, ನಿಮ್ಮ ಕುರ್ಚಿಯ ಜಾಗಕ್ಕೆ ನನ್ನ ಮೇಜು ಬಂತು, ಹೊಸಬರು ನನ್ನನ್ನು ಕೇಳಿ ಕೇಬಲ್ ಮುಟ್ಟುವಂತಾಯಿತು. ಆದರೆ ಆ ಮಾತು ಸುಳ್ಳು. ನೀವು ನೋಡಲು ಹೊರಟಿದ್ದಿರಿ. ಮೈಕ್ರೋಸ್ಕೋಪು ನಿಮ್ಮ ಕೈಯಲ್ಲಿತ್ತು. ನಿಮ್ಮನ್ನು ತಡೆದದ್ದು ಸೊಕ್ಕಲ್ಲ, ನನ್ನ ಮೇಲಿನ ನಂಬಿಕೆ — ಎಲ್ಲಿಂದ ಬಂತು ಸ್ವಾಮಿ ಆ ನಂಬಿಕೆ? ನನ್ನ ಸ್ನೇಹಿತರು ಎನಿಸಿಕೊಂಡವರೂ ನನ್ನ ಬಗ್ಗೆ ಅಂಥ ಮಾತು ಆಡಿಲ್ಲ. ನನ್ನ ಜೊತೆ ಊಟಕ್ಕೂ ಕೂರದ ನೀವು ಆಡಿದಿರಿ. ಅದಕ್ಕಾಗಿಯೂ ನಾನು ನಿಮ್ಮನ್ನು ದ್ವೇಷಿಸಿದ್ದೇನೆ.

ಈಚೆಗೆ ಕಾಡುಗೋಡಿ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲ ಬಳಿ ನೀವೇ ನನ್ನನ್ನು ಕರೆದಿರಿ. ಮಾರ್ಕೆಟಿನಿಂದ ಬರುತ್ತಿದ್ದಿರಿ, ಚೀಲದಲ್ಲಿ ಸೊಪ್ಪು. ಕೂದಲು ಬೆಳ್ಳಗಾಗಿತ್ತು. ನಾನು ತಪ್ಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಬೈಯುತ್ತೀರಿ ಎಂದು ಕಾದೆ. ಮನಸ್ಸಿನಲ್ಲಿ ಉತ್ತರವನ್ನೂ ಮಸೆದುಕೊಂಡೆ. ನೀವು ಹೇಳಿದ್ದು ಬೇರೆ.

"ಮೇಡಂ, ಅವತ್ತು ಸುಮ್ನೆ ಹಾರಾಡ್ಬಿಟ್ಟೆ. ನಿಮ್ ಡಿಸೈನೇ ಸರಿ ಇತ್ತು. ನಂದು ಕಾಗದದ ಮೇಲೆ ಮಾತ್ರ ಚಂದ ಇತ್ತು ಕಣ್ರೀ. ಒಪ್ಕೊಳ್ಳಾಕೆ ಇಷ್ಟ್ ವರ್ಸ ಆಯ್ತು."

ಈಗ ಏನು ಮಾಡಿಕೊಂಡಿದ್ದೀರಿ ಎಂದು ಕೇಳಿದೆ. ಪಿಜಿ ನೋಡಿಕೊಳ್ಳುತ್ತಿದ್ದೇನೆ, ನೀರಿನ ಮೋಟರು, ಬಾಡಿಗೆ ಹುಡುಗರ ಗಲಾಟೆ, ಅದೇ ಆಯಿತು ಎಂದಿರಿ. ಲ್ಯಾಬಿಗೆ ಮತ್ತೆ ಹೋಗಲಿಲ್ಲವೇ ಎಂದೆ. "ನಂಗೆ ಆ ಕೆಲ್ಸ ಬರಾಕಿಲ್ಲ ಅಂತ ಗೊತ್ತಾಯ್ತಲ್ಲ, ಇನ್ಯಾಕೆ?" ಎಂದು ನಕ್ಕಿರಿ. ಕೈಮುಗಿದು ಹೋದಿರಿ. ನನಗೆ, ಕೈಮುಗಿದು.

ಮೆಟ್ರೋದಲ್ಲಿ ಕೂತಾಗ ಮೊದಲು ಬಂದದ್ದು ಕೋಪವೇ. ನಾಚಿಕೆಯಲ್ಲ, ಕೋಪ. ಇಷ್ಟು ವರ್ಷ ನಾನು ದ್ವೇಷಿಸಿಕೊಂಡು ಬಂದ ಮನುಷ್ಯ ಎಲ್ಲಿ ಹೋದ? ಮೇಜು ಗುದ್ದಿದವನು, ನಾನು ಹಾಕಿದ ಕನೆಕ್ಟರನ್ನು ಬಿಚ್ಚಿ ಒರೆಸುತ್ತಿದ್ದವನು, ತನ್ನ ಲೆಕ್ಕ ಸರಿ ಎಂದು ಇಡೀ ಪ್ರಪಂಚದ ಜೊತೆ ಜಗಳಕ್ಕೆ ನಿಲ್ಲುತ್ತಿದ್ದವನು — ಅವನು ನನಗೆ ಬೇಕಾಗಿದ್ದ. ಅವನು ಹಾಗೇ ಇದ್ದಾನೆ ಎಂಬ ಧೈರ್ಯದ ಮೇಲೆ ನಾನು ನಿದ್ದೆ ಮಾಡಿದ್ದೆ. ನಿಮ್ಮಿಂದ ಕೆಲಸ ಕಿತ್ತುಕೊಂಡೆ ಎಂದು ನನಗೆ ಗೊತ್ತಿತ್ತು. ನಿಮ್ಮ ಲೆಕ್ಕದ ಮೇಲೆ ನಿಮಗಿದ್ದ ನಂಬಿಕೆಯನ್ನೇ ಕಿತ್ತುಕೊಂಡಿದ್ದೇನೆ ಎಂದು ಅಂದಿನವರೆಗೆ ಗೊತ್ತಿರಲಿಲ್ಲ.

ನಿಮ್ಮ ಚಿಪ್ಪುಗಳು ಇನ್ನೂ ಇವೆ. ತೇವ ತಾಗದ ಕಪಾಟಿನ ಕೆಳಗಿನ ಗೂಡಿನಲ್ಲಿ, ಮೇಲೆ ನಿಮ್ಮ ಕೈಬರಹದ ಚೀಟಿ. ಎಸೆಯಲು ಯಾರಿಗೂ ಪುರುಸೊತ್ತಾಗಿರಲಿಲ್ಲ. ಮರುದಿನ ಬೆಳಿಗ್ಗೆ ಅವನ್ನು ತೆಗೆದೆ. ಹೊಸ ಕೇಬಲ್ ತೆಗೆದುಕೊಂಡೆ. ನೋಡಿದೆ, ಒರೆಸಿದೆ, ಮತ್ತೆ ನೋಡಿದೆ, ಆಮೇಲೆ ಜೋಡಿಸಿದೆ. ಒಂದಾದ ಮೇಲೊಂದು ಅಳೆದೆ. ನೀವು ಅಂದು ಕಾಗದದ ಮೇಲೆ ಏನು ಬರೆದಿದ್ದಿರೋ ಅಷ್ಟೇ ಬಂತು. ನನ್ನದಕ್ಕಿಂತ ಚೆನ್ನಾಗಿದೆ. ಸ್ವಲ್ಪವಲ್ಲ, ಬಹಳ. ನನ್ನ ಚಿಪ್ಪಿನಲ್ಲಿ ಸೋರುವ ಬೆಳಕನ್ನು ತುಂಬಲು ನಾವು ಈಗಲೂ ಲೇಸರನ್ನು ಜೋರಾಗಿ ಉರಿಸುತ್ತೇವೆ. ನಿಮ್ಮದಕ್ಕೆ ಅದು ಬೇಕೇ ಇರುತ್ತಿರಲಿಲ್ಲ. ಕಂಪನಿ ಇಷ್ಟು ವರ್ಷ ಎರಡನೇ ದರ್ಜೆಯದನ್ನು ಮಾರಿದೆ. ನೀವು ನೀರಿನ ಮೋಟರು ನೋಡಿಕೊಂಡಿದ್ದೀರಿ.

ಶ್ರೀಧರ್‌ಗೆ ಹೇಳಿದ್ದೇನೆ. "ಈಗ್ಯಾಕ್ರೀ ಇದೆಲ್ಲಾ? ಹಳೇದು, ಬಿಟ್ಬಿಡಿ," ಎಂದರು. ಬಿಡುವುದಿಲ್ಲ. ಸೋಮವಾರ ಎಲ್ಲರೂ ಸೇರುವ ಮೀಟಿಂಗಿನಲ್ಲಿ ನಿಮ್ಮ ಚಿಪ್ಪಿನ ಅಳತೆಗಳನ್ನು ನಿಮ್ಮ ಹೆಸರಿನಲ್ಲೇ ಹಾಕುತ್ತೇನೆ, ಅಂದು ಏನಾಯಿತೆಂದು ನಿಂತು ಹೇಳುತ್ತೇನೆ. ನನ್ನ ಕೆಲಸ ಉಳಿಯುತ್ತದೋ ಇಲ್ಲವೋ, ಅದು ಅವರಿಗೆ ಬಿಟ್ಟದ್ದು. ಗೇಟಿನಲ್ಲಿ ನಿಮ್ಮ ಹೆಸರು ಹೇಳಿಟ್ಟಿರುತ್ತೇನೆ. ಬನ್ನಿ, ನಿಮ್ಮ ಕೈಯಿಂದಲೇ ಅಳೆದು ನೋಡಿ. ನನ್ನ ಅಳತೆಯನ್ನು ನೀವು ನಂಬಬೇಕಾಗಿಲ್ಲ, ಇನ್ನು ಮುಂದೆ ನಂಬಲೂಬೇಡಿ. ನಾನು ಜೋಡಿಸಿದ್ದನ್ನು ಎಲ್ಲರೆದುರು ಬಿಚ್ಚಿ ಒರೆಸಿ. ಸೆರಗಿನ ಮಾತು ಬೇಕಾದರೂ ಆಡಿ. ನಾನು ತಿರುಗಿ ಬೈಯುವುದಿಲ್ಲ ಎಂದು ಮಾತ್ರ ಭಾಷೆ ಕೊಡಲಾರೆ. ನಾವಿಬ್ಬರೂ ಸ್ನೇಹಿತರಾಗುವ ಜನ್ಮ ಇದಲ್ಲ.

ಬರುವುದು ಬಿಡುವುದು ನಿಮಗೆ ಸೇರಿದ್ದು. ಅಂದು ನೀವು ಮೈಕ್ರೋಸ್ಕೋಪಿನ ಮೇಲೆ ಕೈಯಿಟ್ಟು ಕೇಳಿದ ಪ್ರಶ್ನೆಗೆ ಉತ್ತರ ಇದು.

ಮುಟ್ಟಿದ್ದೆ, ಮುನಿರಾಜು ಅವರೇ. ಕೈಯನ್ನೂ ತೊಳೆಯದೆ ಮುಟ್ಟಿದ್ದೆ. ನಾನು ಜಗಳವನ್ನೂ ಆಡುತ್ತೇನೆ, ಸುಳ್ಳನ್ನೂ ಹೇಳುತ್ತೇನೆ.